ಕತ್ತರಿ ಕಾಣದ ಪರದೆ

ನಮ್ಮೆದುರಿನ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವ, ನಾವೆಲ್ಲ ‘ಪರದೆ ಅಕ್ಕ’ ಎಂದು ಕರೆಯುವ ಅಕ್ಕ ಇವತ್ತು ಏನು ತೊಟ್ಟಿದ್ದಾರೆಂದು ತಿಳಿಯಲು ಅವರನ್ನು ನೋಡಬೇಕಿಲ್ಲ, ಅವರ ಕಿಟಕಿ ನೋಡಿದರೆ ಸಾಕು. ಹಳದಿ ಪರದೆ ಕಾಣದಿದ್ದರೆ, ಅದು ದುಪಟ್ಟಾ ಆಗಿ ಅಕ್ಕನ ಜೊತೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ರೋಗಿಗಳ ಚೀಟಿ ಬರೆಯುವ ಕೆಲಸಕ್ಕೆ ಹೋಗಿದೆಯೆಂದೇ ಅರ್ಥ ಮಾಡಿಕೊಳ್ಳುತ್ತಿದ್ದೆವು. ಮೇಜಿನ ಹೊದಿಕೆ ಮೂರು ಮದುವೆಗಳಲ್ಲಿ ಶಾಲಾಗಿ ಮೆರೆದು ಬಂದಿದೆ. ಹಳೆಯ ಕೋಟು ಹೊಟ್ಟೆ ತುಂಬ ಹತ್ತಿ ತುಂಬಿಸಿಕೊಂಡು, ಗುಂಡಿ ಹಾಕಿಕೊಂಡು, ಬೇಸಿಗೆಯಿಡೀ ದಿಂಬಾಗಿ ಮಲಗಿರುತ್ತದೆ. ಗೋಡೆಗೆ ಮೊಳೆ ಹೊಡೆಯಕೂಡದೆಂದು ಮನೆ ಮಾಲೀಕರು ಗುಡುಗಿರುವುದರಿಂದ ಕನ್ನಡಿ, ಬಳ್ಳಿಯ ಕುಂಡ, ಕೊಡೆ ಎಲ್ಲವೂ ಕಿಟಕಿಯ ಸರಳಿಗೇ ಜೋತುಬಿದ್ದಿವೆ. "ಅಂಗಡೀಲಿ ಹೊಸದು ಸಿಗಲ್ವಾ ಅಕ್ಕಾ?" ಎಂದು ನಾನು ಕೆಣಕಿದರೆ, "ಸಿಗತ್ತೆ ಕಣೆ, ಆದ್ರೆ ಅದಕ್ಕೆ ಒಂದೇ ಕೆಲಸ ಗೊತ್ತಿರತ್ತೆ" ಎನ್ನುತ್ತಾರೆ. ಬಟ್ಟೆಗೆ ಕತ್ತರಿ ಮಾತ್ರ ತಾಕಿಸುವವರಲ್ಲ. "ಒಂದ್ಸಲ ಕತ್ತರಿಸಿದ್ರೆ ಅದು ಮತ್ತೆ ಮನೆಗೆ ಬರಲ್ಲ" ಅನ್ನುವುದು ಅವರ ಕಟ್ಟಳೆ. ಹಾಗಿರುವಾಗ ಹೋದ ತಿಂಗಳಿಡೀ ಆ ಕಿಟಕಿಗೆ ಪರದೆಯೇ ಇರಲಿಲ್ಲ, ಬಿಸಿಲಿಗೆ ಹಳೇ ಪೇಪರ್ ಅಂಟಿಸಿದ್ದರು. ವಿಚಾರಿಸಿದರೆ, ಮೆಟ್ಟಿಲು ಗುಡಿಸುವಾಕೆಯ ಮಗಳು ಮೊದಲ ಸಲ ಇಂಟರ್‌ವ್ಯೂಗೆ ಹೊರಟಾಗ ಅಕ್ಕ ಹಳದಿ ಪರದೆಯನ್ನು ಕತ್ತರಿಸಿ, ಅವಳ ಅಳತೆಗೆ ಕುರ್ತಾ ಹೊಲಿದುಬಿಟ್ಟಿದ್ದರಂತೆ. ನಿನ್ನೆ ಆ ಹುಡುಗಿ ಅದೇ ಕುರ್ತಾ ತೊಟ್ಟು, ಮೊದಲ ಸಂಬಳದಲ್ಲಿ ಕೊಂಡ ನೀಲಿ ಪರದೆ ಹಿಡಿದು ಬಂದಳು. ಅಕ್ಕ ಅದನ್ನು ಕಿಟಕಿಗೆ ಹಾಕಲಿಲ್ಲ. ಹೆಗಲಿಗೆ ಹೊದ್ದು, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, "ನಾಳೆ ಕ್ಲಿನಿಕ್ಕಿಗೆ ಇದೇ" ಎಂದರು.