ದಾರದಕ್ಕನ ಹತ್ತನೆಯ ಗಂಟೆ

ಬೆಳಗಿನ ಐದೂವರೆ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಒಂದು ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಳ್ಳುತ್ತದೆ. ದಾರದಕ್ಕ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಹೊಲಿಗೆ ಮೆಷಿನ್ನಿನ ಹೊದಿಕೆ ತೆಗೆದು ನಾಲ್ಕಾಗಿ ಮಡಚಿ ಸ್ಟೂಲಿನ ಮೇಲೆ ಹಾಕಿ ಕೂರುತ್ತಾರೆ. ಪಕ್ಕದಲ್ಲಿ ಸೊಂಟದೆತ್ತರದ ರಾಶಿ: ಹರಿದ ಬೆಡ್‌ಶೀಟು, ಲಾಡಿ ಕಿತ್ತ ರೋಗಿಗಳ ಅಂಗಿ, ದಿಂಬಿನ ಕವರು. ಮೇಲಿನದನ್ನು ಎಳೆದುಕೊಂಡು, ಬೆಳಕಿಗೆ ಹಿಡಿದು, ತೂತು ಎಲ್ಲಿದೆ ನೋಡುತ್ತಾರೆ. "ಯಾರೋ ರಾತ್ರಿಯೆಲ್ಲ ಒದ್ದಾಡಿದಾರೆ ಪಾಪ" ಎಂದು ಮೆಷಿನ್ ತುಳಿಯಲು ಶುರು.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೇಲಿನ ನಾಲ್ಕು ಮಹಡಿಯಲ್ಲಿ ಮಲಗುವ ಯಾರಿಗೂ ಇವರ ಮುಖ ಗೊತ್ತಿಲ್ಲ. ದಿನಕ್ಕೆ ಹತ್ತು ಗಂಟೆ ದುಡಿದರೆ ನೂರು ಬಟ್ಟೆ. ಒಂದಕ್ಕೆ ನಾಲ್ಕರಂತೆ ನಾನೂರು ಕೂಲಿ. ಅದರಲ್ಲಿ ನಲವತ್ತನ್ನು ಮೆಷಿನ್ ಬಾಡಿಗೆ ಎಂದು ಗುತ್ತಿಗೆದಾರ ಮುರಿದುಕೊಳ್ಳುತ್ತಿದ್ದ. "ದೇವರು ಕೇಳೋದೂ ಹತ್ತರಲ್ಲೊಂದು, ಅವನು ಕೇಳೋದೂ ಹತ್ತರಲ್ಲೊಂದು. ಇಬ್ಬರೂ ರಸೀದಿ ಕೊಡ್ತಿರಲಿಲ್ಲ" ಎಂದು ನಗುತ್ತಾರೆ.

ದುಡಿದ ಹತ್ತರಲ್ಲೊಂದನ್ನು ದೇವರಿಗೆಂದು ಚರ್ಚಿನ ಕಾಣಿಕೆಗೆ ತೆಗೆದಿಡುವುದು ತವರಿನಿಂದ ಬಂದ ಅಭ್ಯಾಸ. ದುಡ್ಡಿರಲಿ, ಮನೆಯ ಪಾತ್ರೆಯಿರಲಿ, ಅದು ದೇವರದ್ದು, ನಮ್ಮ ಕೈಯಲ್ಲಿ ನೋಡಿಕೊಳ್ಳಲು ಕೊಟ್ಟದ್ದು ಎಂದು ತಾಯಿ ಕಲಿಸಿದ್ದರು. ಇನ್ನೂ ಒಂದು ಮಾತು ಸೇರಿಸಿದ್ದರು: ಕೊಟ್ಟದ್ದನ್ನು ಕಟ್ಟಿಕೊಂಡ ಗಂಡನಿಗೂ ಹೇಳಬಾರದು. ಎಡವಟ್ಟಾದದ್ದು ಅಲ್ಲಿಯೇ.

ದಾರದಕ್ಕನ ಗಂಡ ಅದೇ ಆಸ್ಪತ್ರೆಯ ಗೇಟಿನಲ್ಲಿ ವಾಹನಗಳಿಗೆ ಚೀಟಿ ಹರಿದು ಕೊಡುವವರು. ಶನಿವಾರ ಇಬ್ಬರ ವಾರದ ಕೂಲಿಯೂ ಒಂದೇ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತದೆ. ಎಷ್ಟು ದುಡಿದರೂ ಆ ಡಬ್ಬಿ ವಾರದ ಕೊನೆಗೆ ಬಡಕಲು. ಕೂಲಿ ಒಟ್ಟಿಗೆ ಹಾಕತೊಡಗಿದ ಮೇಲೆ ಹೀಗೆ ನಾಲ್ಕು ವರ್ಷ. "ಇವರು ಲಾಟರಿಗೆ ಹಾಕ್ತಿದಾರೆ ಅಂದ್ಕೊಂಡಿದ್ದೆ. ಆ ಚಟ ಬಿಡಿಸಪ್ಪಾ ಅಂತ ವಾರವಾರ ಬೇಡ್ಕೊತಿದ್ದೆ" ಎನ್ನುತ್ತಾರೆ ದಾರದಕ್ಕ. ಗಂಡನಿಗೋ ಬೇರೆಯೇ ಅನುಮಾನ. "ಇವಳು ತಮ್ಮನಿಗೆ ಸಾಗಿಸ್ತಿದಾಳೆ ಅಂತ ನಾನು. ಬಾಯಿ ಬಿಟ್ಟು ಕೇಳಿದ್ರೆ ಮನೇಲಿ ರಾಮಾಯಣ ಆಗುತ್ತೆ, ಅದಕ್ಕೇ ಸುಮ್ನಿದ್ದೆ."

ಕಳೆದ ವರ್ಷ ಗುತ್ತಿಗೆದಾರ ಗೋಡೆಗೆ ಒಂದು ಕಾಗದ ಅಂಟಿಸಿದ. ಒಂಬತ್ತು ತಿಂಗಳ ನಂತರ ಬಾಡಿಗೆ ಮೆಷಿನ್ ಇರುವುದಿಲ್ಲ; ಸ್ವಂತ ಮೆಷಿನ್ ತಂದವರಿಗಷ್ಟೇ ಹೊಲಿಗೆ, ಉಳಿದವರಿಗೆ ಕೈಯಲ್ಲಿ ಗುಂಡಿ ಹಚ್ಚುವ ಕೆಲಸ. ಗುಂಡಿ ಹಚ್ಚಿದರೆ ಕೂಲಿ ಕಾಲು ಭಾಗ. ಡಬ್ಬಿ ನೋಡಿದರೆ ಮೆಷಿನ್ನಿನ ಪೆಡಲ್ಲಿಗೂ ಸಾಲದಷ್ಟು.

ಮರುವಾರ ಗಂಡನಿಗೆ ಜ್ವರ. ಭಾನುವಾರ ಚರ್ಚಿಗೆ ಹೊರಟ ಹೆಂಡತಿಯ ಕೈಗೆ ದಿಂಬಿನಡಿಯಿಂದ ಒಂದು ಲಕೋಟೆ ಕೊಟ್ಟು, "ಇದನ್ನ ಕಾಣಿಕೆ ಚೀಲಕ್ಕೆ ಹಾಕ್ಬಿಡು, ನೋಡ್ಬೇಡ" ಎಂದರು. ನೋಡಬೇಡ ಎಂದರೆ ನೋಡದಿರುವವರು ಯಾರು?

"ರೀ, ಏನಿದು?"

"ಹತ್ತರಲ್ಲೊಂದು."

"ಯಾರ ಸಂಬಳದ್ದು?"

"ಇಬ್ಬರದ್ದೂ. ನಿನಗೆ ಇದೆಲ್ಲ ನೆನಪಿರಲ್ಲ ಅಂತ ನಾನೇ ತೆಗೀತಿದ್ದೆ."

ದಾರದಕ್ಕ ತಮ್ಮ ಬ್ಯಾಗಿನಿಂದ ಇನ್ನೊಂದು ಲಕೋಟೆ ತೆಗೆದು ಮಂಚದ ಮೇಲಿಟ್ಟರು. ಅದೂ ಇಬ್ಬರ ಕೂಲಿಯ ಹತ್ತರಲ್ಲೊಂದೇ. ಹೆಂಡತಿ ಅಡುಗೆಮನೆಯಲ್ಲಿದ್ದಾಗ ಗಂಡ, ಗಂಡ ಸ್ನಾನಕ್ಕೆ ಹೋದಾಗ ಹೆಂಡತಿ, ಒಂದೇ ಡಬ್ಬಿಗೆ ಕೈ ಹಾಕುತ್ತಿದ್ದರು. "ನಗ್ತಾ ನಗ್ತಾ ಇವರಿಗೆ ಕೆಮ್ಮು ಹತ್ತಿಕೊಳ್ತು. ನನಗೆ ಮಾತ್ರ ಅಳು ಬಂತು. ಲಾಟರಿ ಅಂತ ಬೈಕೊಂಡಿದ್ನಲ್ಲ."

ವಿಷಯ ಕೇಳಿದ ಪಾಸ್ಟರ್, ಈ ವರ್ಷ ಏನೂ ಕೊಡಬೇಡಿ ಎಂದರು. ಇವರು ಒಪ್ಪಲಿಲ್ಲ. "ಒಂದು ಹೋಗ್ಲೇಬೇಕು. ಎರಡು ಹೋಗ್ಬೇಕಾಗಿಲ್ಲ, ಅಷ್ಟೇ." ಆ ಎರಡನೆಯ ಪಾಲು ಎಂಟು ತಿಂಗಳು ಬೇರೆ ಡಬ್ಬಿಗೆ ಬಿತ್ತು. ಬಾಗಿಲು ಹಾಕುತ್ತಿದ್ದ ಟೈಲರ್ ಅಂಗಡಿಯೊಂದರಿಂದ ಹಳೆಯ ಮೆಷಿನ್ ಬಂತು. ಗಡುವಿಗೆ ಮೂರು ದಿನ ಬಾಕಿಯಿತ್ತು. ನಾಲ್ಕು ವರ್ಷ ಹೆಚ್ಚುವರಿಯಾಗಿ ಹೋದದ್ದಕ್ಕೆ ಇಂಥ ಆರು ಮೆಷಿನ್ ಬರುತ್ತಿದ್ದವು. ಹಾಗೆಂದರೆ ದಾರದಕ್ಕ ಕತ್ತರಿ ಕೆಳಗಿಡುತ್ತಾರೆ. "ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಅದೇನು ಬ್ಯಾಂಕಾ? ಯಾರದೋ ಮನೇಲಿ ಅನ್ನ ಆಗಿರುತ್ತೆ ಬಿಡಿ."

ಮಧ್ಯಾಹ್ನ ಎರಡೂವರೆಗೆ ಅವರು ಎಣ್ಣೆಯ ಬಟ್ಟೆಯಿಂದ ಮೆಷಿನ್ ಒರೆಸಿ ಎದ್ದು ನಿಲ್ಲುತ್ತಾರೆ. ಕೆಲಸ ಮುಗಿಯಲು ಇನ್ನೂ ಒಂದು ಗಂಟೆಯಿದೆ. ಮೂಲೆಯಲ್ಲಿ ಗುಂಡಿ ಹಚ್ಚುತ್ತಿರುವವಳು ಮೆಷಿನ್ ಕೊಳ್ಳಲಾಗದೆ ಹೊಲಿಗೆ ಕಳೆದುಕೊಂಡ ಹೆಂಗಸು, ಇಬ್ಬರು ಮಕ್ಕಳ ತಾಯಿ. "ಏಳೇ, ಮಹಾರಾಣಿ. ನಿನ್ನ ಗಂಟೆ ಬಂತು" ಎಂದು ದಾರದಕ್ಕ ಕರೆಯುತ್ತಾರೆ.

"ಇವತ್ತು ನೀವೇ ಹೊಲ್ಕೊಳ್ಳಿ ಅಕ್ಕಾ, ರಾಶಿ ಜಾಸ್ತಿ ಇದೆ."

"ರಾಶಿ ಎಲ್ಲಿಗೂ ಓಡಲ್ಲ. ಕೂತ್ಕೋ. ಸೂಜಿ ಮುರಿದ್ರೆ ಮಾತ್ರ ಜುಟ್ಟು ಹಿಡೀತೀನಿ."

ಆ ಗಂಟೆಯ ಹತ್ತು ಬಟ್ಟೆಯ ಕೂಲಿ ಪೂರ್ತಿ ಅವಳದ್ದು. ಮೆಷಿನ್ನೂ ದೇವರು ನೋಡಿಕೊಳ್ಳಲು ಕೊಟ್ಟದ್ದೇ ಆದ ಮೇಲೆ ಅದರ ದುಡಿಮೆಯಲ್ಲೂ ಹತ್ತರಲ್ಲೊಂದು ತನ್ನದಲ್ಲ ಎಂಬುದು ದಾರದಕ್ಕನ ನಿಯಮ. ಆ ಗಂಟೆ ಅವರು ಸ್ಟೂಲಿನ ಮೇಲೆ ಕೂತು, ಹೊಲಿದ ಶೀಟುಗಳನ್ನು ಮಡಚುತ್ತಾರೆ. ಅದಕ್ಕೆ ಕೂಲಿಯಿಲ್ಲ.

ಆಸೆ ಏನಾದರೂ ಇದೆಯೇ ಎಂದರೆ, "ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಿದ್ರೆ ಸಾಕು, ದಾರ ಪೋಣಿಸೋಕೆ ಕಣ್ಣು ಕಾಣಲ್ಲ" ಎನ್ನುತ್ತಾರೆ. ಮತ್ತೆ ಲೆಕ್ಕದ ಮಾತು ಬರುತ್ತದೆ. ಬಾಡಿಗೆ ತಪ್ಪಿ ನಲವತ್ತು ಉಳಿಯಿತು, ಈ ಗಂಟೆ ಬಿಟ್ಟುಕೊಟ್ಟು ಅದೇ ನಲವತ್ತು ಹೋಯಿತು. ಕೈಗೆ ಬರುವುದು ಆಗಲೂ ಮುನ್ನೂರರವತ್ತು, ಈಗಲೂ ಮುನ್ನೂರರವತ್ತು. ಹಾಗಾದರೆ ಮೆಷಿನ್ ಕೊಂಡು ಸಿಕ್ಕಿದ್ದೇನು?

ದಾರದಕ್ಕ ಮಡಚಿದ ಶೀಟಿನ ಅಂಚನ್ನು ಅಂಗೈಯಲ್ಲಿ ಒತ್ತುತ್ತಾರೆ.

"ಲೆಕ್ಕ ನನಗೂ ಬರುತ್ತೆ. ಆವಾಗ ಕಿತ್ಕೊಳ್ತಿದ್ರು. ಈಗ ನಾನು ಕೊಡ್ತೀನಿ."