ಕಂಬಿಯ ಬುಡದಲ್ಲಿ ಉಳಿದ ಚೀಟಿ

ಕೊರೊನಾ ಕಳೆದು ಎರಡನೆಯ ವರ್ಷ. ಕೆಜಿಎಫ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಲ್ಯಾಬಿನ ಆಯಾ. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಇಲ್ಲಿನ ಗಣಿ ಕಾಲೊನಿ ಚಾಂಪಿಯನ್ ರೀಫ್ಸಿಗೆ ಮದುವೆಯಾಗಿ ಬಂದವಳು. ಓದಿದ್ದು ನಾಲ್ಕನೇ ಕ್ಲಾಸು. ಹೆಸರು, ಅಂಕಿ ಓದಬಲ್ಲೆ, ಇಂಗ್ಲಿಷ್ ಬಾರದು. ಇಪ್ಪತ್ತಾರು ವರ್ಷ ಅಲ್ಲಿ ದುಡಿದೆ. ಒಳ್ಳೆಯ ಕೆಲಸವನ್ನೂ ಮಾಡಿದ್ದೇನೆ. ಅದನ್ನು ಬರೆಯಲು ಕೂತಿಲ್ಲ.

ಮೊದಲೆಲ್ಲ ರಕ್ತ ಪರೀಕ್ಷೆಯ ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಕಿಟಕಿಯಿಂದ ಕೊಡುತ್ತಿದ್ದರು. ನಾನು ಎರಡು ಮಹಡಿ ಹತ್ತಿ ವಾರ್ಡಿಗೆ ಮುಟ್ಟಿಸುತ್ತಿದ್ದೆ. ಆಮೇಲೆ ಕಂಪ್ಯೂಟರ್ ಬಂತು. ಲ್ಯಾಬಿನ ರಿಪೋರ್ಟು ಯೂನಿಕ್ಸ್ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ. ಅದರೊಳಗೆ ಮೆಸೇಜ್ ಕ್ಯೂ ಎಂಬ ಸಾಫ್ಟ್‌ವೇರ್ ಇದೆ. ಬಂದ ರಿಪೋರ್ಟುಗಳನ್ನು ಅದು ಸಾಲಾಗಿ ನಿಲ್ಲಿಸಿಕೊಂಡು, ಮೊದಲು ಬಂದದ್ದನ್ನು ಮೊದಲು ವಾರ್ಡಿಗೆ ಕಳಿಸುತ್ತದೆ. ನನಗೆ ನೆಲ ಒರೆಸುವುದು, ಟ್ಯೂಬು ತೊಳೆಯುವುದು ಮಾತ್ರ ಉಳಿಯಿತು. ಮಂಡಿ ನೋವಿಗೆ ಅದೇ ಹಿತವಾಗಿತ್ತು.

ಆ ಸಾಫ್ಟ್‌ವೇರ್ ಹಳೆಯದಾಗಿತ್ತು. ಹೊಸದನ್ನು ಹಾಕಲು ಸಾಫ್ಟ್‌ವೇರ್ ಕಂಪನಿಯವರು ರೇಖಾ ಎಂಬ ಹುಡುಗಿಯನ್ನು ಕಳಿಸಿದರು. ಬಂಗಾರಪೇಟೆಯವಳು, ತೆಳ್ಳಗೆ, ಮಾತು ಚುರುಕು. ವಾರ್ಡಿನಲ್ಲಿ ಗಲಾಟೆ ಕಡಿಮೆ ಇರುತ್ತದೆಂದು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಗೊತ್ತು ಮಾಡಿದ್ದಳು. ನಾನು ಕೇಳಿದ್ದಕ್ಕೆ ಕೆಲಸವನ್ನು ಬಿಡಿಸಿ ಹೇಳಿದಳು.

"ಮೊದ್ಲು ಲ್ಯಾಬಿಂದ ಕಳ್ಸೋದು ನಿಲ್ಲಿಸ್ತೀನಿ ಅಜ್ಜಿ. ಸಾಲಲ್ಲಿರೋದೆಲ್ಲ ವಾರ್ಡಿಗೆ ಹೋಗಿ ಸೊನ್ನೆ ಆಗೋವರ್ಗೂ ಕಾಯ್ತೀನಿ. ಹಳೇದನ್ನ ಬ್ಯಾಕಪ್ ತಗೊಂಡು ಹೊಸದು ಹಾಕಿ, ಒಂದು ಸುಳ್ಳು ರಿಪೋರ್ಟ್ ಕಳ್ಸಿ ನೋಡ್ತೀನಿ. ಸರಿ ಇದ್ರೆ ಮಾತ್ರ ಲ್ಯಾಬಿಂದ ಮತ್ತೆ ಕಳ್ಸೋಕೆ ಬಿಡೋದು."

"ವಾಲ್ವ್ ಮುಚ್ಚಿ, ಪೈಪಲ್ಲಿರೋ ನೀರು ಸುರಿದೋಗೋಗಂಟ ಕಾದು, ಆಮೇಲೆ ಪೈಪ್ ಬದಲಾಯ್ಸೋದು. ಇದುಕ್ಕೆ ಇಷ್ಟೊಂದು ಓದ್ಬೇಕಾ?"

"ಬಾ ಅಜ್ಜಿ, ನಮ್ಮ ಮ್ಯಾನೇಜರಿಗೂ ಹೇಳ್ಕೊಡು," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಈ ಎರಡು ಗಂಟೆ ಲ್ಯಾಬಲ್ಲಿ ಚೀಟಿ ಬರೀತಾರೆ, ನೀನೇ ಕ್ಯೂ. ಬಂದ ಚೀಟಿ ಬಂದಂಗೆ ಮೇಲಕ್ಕೆ ಹೋಗ್ಬೇಕು. ಗುಡ್ಡೆ ಹಾಕ್ಕೋಬೇಡ," ಎಂದಳು.

"ನನ್ಗೆ ಏಳ್ಕೊಡ್ತೀಯಾ? ನೀನು ಉಟ್ಟೋಕೆ ಮುಂಚಿಂದ ಚೀಟಿ ಒತ್ತಿದೀನಿ."

ಎರಡು ಗಂಟೆ ಐದು ನಿಮಿಷಕ್ಕೆ ಸಾಲು ಸೊನ್ನೆಯಾಯಿತೆಂದು ಹೇಳಿ ಸರ್ವರ್ ರೂಮಿನ ಬಾಗಿಲು ಹಾಕಿಕೊಂಡಳು. ಎರಡು ಹತ್ತಕ್ಕೆ ಮೊದಲ ಚೀಟಿ ಬಂತು. ಲ್ಯಾಬಿನ ನಾಗೇಶ ಅದರ ಅಂಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದ. ಸೆಲ್ವಿ, ವಯಸ್ಸು ಇಪ್ಪತ್ತೆಂಟು, ಪ್ಲೇಟ್‌ಲೆಟ್ ಹದಿನಾಲ್ಕು ಸಾವಿರ. ಪ್ಲೇಟ್‌ಲೆಟ್ ಅಂದರೆ ರಕ್ತ ಸೋರದಂತೆ ತಡೆಯುವ ಕಣ. ಒಂದೂವರೆ ಲಕ್ಷ ಇರಬೇಕಾದದ್ದು ಡೆಂಗಿಯಲ್ಲಿ ಇಳಿದುಹೋಗುತ್ತದೆ. ಕೆಂಪು ಸುತ್ತು ಅಂದರೆ ತುರ್ತು, ಅಂಥ ಚೀಟಿ ಬಂದರೆ ವಾರ್ಡಿಗೆ ಫೋನ್ ಕೂಡ ಮಾಡುವುದು ರೂಢಿ. "ನೀನು ಓಗ್ತೀಯಲ್ಲ?" ಎಂದ ನಾಗೇಶ. "ಓಗ್ತೀನಿ ಕಣ್ಲಾ," ಎಂದೆ. ಅವನು ಫೋನ್ ಮಾಡಲಿಲ್ಲ.

ಕಿಟಕಿಯ ಪಕ್ಕ ಹಳೆಯ ಕಾಲದ ಕಬ್ಬಿಣದ ಕಂಬಿ ಇತ್ತು, ಚೀಟಿ ಚುಚ್ಚುವುದು. ಮಂಡಿ ನೋಯುತ್ತಿತ್ತು. ಒಂದು ಚೀಟಿಗೆ ಎರಡು ಮಹಡಿ ಯಾರು ಹತ್ತುತ್ತಾರೆ, ನಾಲ್ಕೈದು ಸೇರಲಿ ಎಂದು ಅದನ್ನು ಕಂಬಿಗೆ ಚುಚ್ಚಿದೆ. ಅದರ ಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಆರು ಸೇರಿದಾಗ ಕೈಗೆ ಸಿಕ್ಕ ಮೇಲಿನ ನಾಲ್ಕನ್ನು ಕಿತ್ತುಕೊಂಡು ಹತ್ತಿದೆ. ಇಳಿದು ಬರುವಷ್ಟರಲ್ಲಿ ನಾಗೇಶ ಹೊಸ ಚೀಟಿಗಳನ್ನು ತಾನೇ ಚುಚ್ಚಿದ್ದ. ಮತ್ತೆ ಮೇಲಿನವನ್ನೇ ಒಯ್ದೆ. ಮೂರು ಸಲ ಹತ್ತಿ ಇಳಿದೆ. ಕೆಂಪು ಚೀಟಿ ಬುಡದಲ್ಲೇ ಇತ್ತು. ಹಳೆಯ ಕಾಲದಲ್ಲಿ ಆ ಕಂಬಿಗೆ ಚುಚ್ಚುತ್ತಿದ್ದದ್ದು ವಾರ್ಡಿಗೆ ಮುಟ್ಟಿಸಿ ಬಂದ ಚೀಟಿಯನ್ನು. ಅದು ಕಾಯುವ ಜಾಗವೇ ಅಲ್ಲ. ಕಂಪ್ಯೂಟರ್ ಬರುವವರೆಗೂ ಚುಚ್ಚಿದವಳಿಗೆ ಅದು ತಿಳಿಯಬೇಕಿತ್ತು.

ನಮ್ಮ ಬೀದಿಯ ನಲ್ಲಿಯ ಹತ್ತಿರ ನನಗೆ ಎಂಥ ಹೆಸರಿದೆ ಎಂದು ಕೇಳಿ ನೋಡಿ. ಬಿಂದಿಗೆ ಸಾಲಿನಲ್ಲಿ ಯಾರಾದರೂ ನುಗ್ಗಿದರೆ ಅವರ ಬಿಂದಿಗೆಯನ್ನು ಕಾಲಲ್ಲಿ ಒದೆಯುತ್ತಿದ್ದವಳು ನಾನು.

ಮೂರು ಐವತ್ತಕ್ಕೆ ಕಂಬಿ ಖಾಲಿ ಮಾಡುವಾಗ ಕೆಂಪು ಸುತ್ತು ಕಂಡಿತು. ಆಗ ಮಂಡಿ ನೆನಪಾಗಲಿಲ್ಲ, ಓಡಿದೆ. ಸೆಲ್ವಿಯ ಮೂಗಿನಿಂದ ರಕ್ತ ಶುರುವಾಗಿತ್ತು. ಅವಳ ಗಂಡ ಟವೆಲ್ ಒತ್ತಿ ಹಿಡಿದಿದ್ದ. ಚೀಟಿ ನೋಡಿದ ಸಿಸ್ಟರ್, "ಇದು ಯಾವಾಗಿನ್ದು?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಡಾಕ್ಟರಿಗೆ ಫೋನ್ ಮಾಡಿದಳು. ಆಂಬುಲೆನ್ಸ್‌ನಲ್ಲಿ ಕೋಲಾರಕ್ಕೆ ಒಯ್ದರು. ಅತ್ತ ರೇಖಾ ಹೊರಗೆ ಬಂದು, "ಎಲ್ಲಾ ಸರಿಹೋಯ್ತು ಅಜ್ಜಿ, ಒಂದೂ ರಿಪೋರ್ಟ್ ಕಳ್ದಿಲ್ಲ," ಎಂದಳು.

ಸೋಮವಾರ ದೊಡ್ಡ ಡಾಕ್ಟರು ನಮ್ಮ ಮೂವರನ್ನೂ ಕರೆಸಿದರು. ಹೊಸ ಸಾಫ್ಟ್‌ವೇರ್ ರಿಪೋರ್ಟನ್ನು ನುಂಗಿತೆಂದು ಅವರ ಅನುಮಾನ. ಸರ್ವರ್ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ರೇಖಾ ತೋರಿಸಿದಳು. "ಆ ರಿಪೋರ್ಟ್ ಇದ್ರೊಳಗೆ ಬಂದೇ ಇಲ್ಲ ಸರ್. ಕಾಗದದಲ್ಲಿ ಹೋಗಿದೆ."

ಡಾಕ್ಟರು ನನ್ನ ಕಡೆ ತಿರುಗಿದರು.

"ಕೊಟ್ಟಂಗೇ ಒಯ್ದೆ ಸಾರ್," ಎಂದೆ.

ಅದು ಸುಳ್ಳು. ಫೋನ್ ಮಾಡದ ನಾಗೇಶ ನೆಲ ನೋಡಿದ. ರೇಖಾ ನನ್ನನ್ನೇ ನೋಡಿದಳು. ಭಾನುವಾರ ಸಂಜೆ ಹೊರಡುವಾಗ ಅವಳು ಕಂಬಿಯನ್ನು ನೋಡುತ್ತ ನಿಂತಿದ್ದದ್ದು ನನಗೆ ಗೊತ್ತು, ಅವಳಿಗೆ ಅರ್ಥವಾಗಿತ್ತು. ಆದರೂ ಡಾಕ್ಟರಿಗೆ ಅವಳು ಹೇಳಿದ್ದು ಇಷ್ಟೇ: "ಚೀಟಿಗೆ ನಂಬರ್ ಹಾಕ್ಸಿ, ವಾರ್ಡಲ್ಲಿ ಸೈನ್ ತಗೊಳ್ಳೋ ಹಾಗೆ ಮಾಡ್ಬೇಕಿತ್ತು. ನನ್ನ ಪ್ಲಾನಲ್ಲಿ ಅದಿರ್ಲಿಲ್ಲ. ತಪ್ಪು ನನ್ದೇ ಸರ್." ಅವಳನ್ನು ಇನ್ನು ಕಳಿಸಬೇಡಿ ಎಂದು ಆಸ್ಪತ್ರೆಯಿಂದ ಕಂಪನಿಗೆ ಪತ್ರ ಹೋಯಿತು.

ನಾನು ನಿಜ ಹೇಳಿದ್ದು ಎಂಟು ದಿನದ ಮೇಲೆ, ಸೆಲ್ವಿ ಬದುಕಿದಳೆಂದು ಖಾತ್ರಿಯಾದ ಮೇಲೆ. ಅವಳು ಸತ್ತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಡಾಕ್ಟರು ಬೈಯಲಿಲ್ಲ. "ಈಗ ಬಂದ್ಯಾ?" ಎಂದರು. ತಪ್ಪು ರೇಖಾಳದಲ್ಲವೆಂದು ಕಂಪನಿಗೆ ಇನ್ನೊಂದು ಪತ್ರ ಬರೆದರು. ಅವಳು ಮಾತ್ರ ಮತ್ತೆ ಬರಲಿಲ್ಲ. ಆ ವರ್ಷವೇ ನಾನು ಕೆಲಸ ಬಿಟ್ಟೆ.

ಕೈಗೆ ಬಂದ ಕೆಲಸವನ್ನು ನಮ್ಮ ಮಂಡಿಯ ಅನುಕೂಲಕ್ಕೆ ಗುಡ್ಡೆ ಹಾಕಬಾರದು. ಆ ಗುಡ್ಡೆಯ ಅಡಿಯಲ್ಲಿ ಯಾರು ಇದ್ದಾರೆಂದು ನಮಗೆ ಕಾಣುವುದಿಲ್ಲ. ಇಪ್ಪತ್ತಾರು ವರ್ಷದ ಕೆಲಸ ಕಲಿಸಿದ್ದು ಇದೊಂದೇ. ಕಲಿತದ್ದು ಬೇರೆಯವಳ ರಕ್ತದಲ್ಲಿ.

ಸೆಲ್ವಿಯ ಮನೆಯೂ ಚಾಂಪಿಯನ್ ರೀಫ್ಸ್‌ನಲ್ಲೇ, ನಮ್ಮ ಹಿಂದಿನ ಸಾಲು. ಹೋದ ತಿಂಗಳು ನಲ್ಲಿಯ ಹತ್ತಿರ ಸಿಕ್ಕಿದಳು. ನಾನು ಓಡಿ ಬಂದದ್ದನ್ನು ಅವಳ ಗಂಡ ಹೇಳಿದ್ದನಂತೆ.

"ಪಾಟಿ," ಎಂದು ತಮಿಳಿನಲ್ಲಿ ಅಜ್ಜಿಯೆಂದು ಕರೆದಳು. "ಅವತ್ತು ನೀನು ಓಡಿ ಬರ್ಲಿಲ್ಲಾಂದ್ರೆ ನಾನು ಇರ್ತಿರ್ಲಿಲ್ಲ," ಎಂದು ನನ್ನ ಬಿಂದಿಗೆಯನ್ನು ಎತ್ತಿ ಸಾಲಿನ ಮುಂದಕ್ಕೆ, ತನ್ನದಕ್ಕಿಂತ ಮೊದಲು ಇಟ್ಟಳು.

ನೀರು ಬರುವ ಮುಂಚೆಯೇ ಅವಳಿಗೆ ಹೇಳಿಬಿಟ್ಟೆ, ಕಂಬಿ, ಮಂಡಿ, ಸುಳ್ಳು, ಎಲ್ಲವನ್ನೂ. ಅವಳು ಕೇಳಿದ್ದು ಒಂದೇ ಮಾತು.

"ಎಷ್ಟು ಹೊತ್ತು ಇತ್ತು ಅಲ್ಲಿ?"

"ಒಂದು ಗಂಟೆ ನಲವತ್ತು ನಿಮಿಷ."

ಸೆಲ್ವಿ ನನ್ನ ಬಿಂದಿಗೆಯನ್ನು ಎತ್ತಿಕೊಂಡು ಹೋಗಿ, ಸಾಲಿನ ಕೊನೆಯಲ್ಲಿ ಇಟ್ಟು ಬಂದಳು. ನಾನೂ ಹೋಗಿ ಅದರ ಪಕ್ಕ ನಿಂತೆ.