ಆಕಿ ಬರ್ತಾಳ ಎಂದವರು

ಮೊಮ್ಮಕ್ಕಳೇ, ಸಹನಾ, ಈರಣ್ಣ, ನಾನು ಹುಡುಗಿಯಾಗಿದ್ದಾಗ ನರೇಗಲ್ಲಿನ ಟೆಂಟ್ ಟಾಕೀಸಿಗೆ ಪರಭಾಷೆಯ ಸಿನಿಮಾ ಬಂದರೆ, ಪರದೆಯ ಪಕ್ಕ ಕೋಲು ಹಿಡಿದು ನಿಂತು ಕನ್ನಡದಲ್ಲಿ ಕಥೆ ಹೇಳುವವರೊಬ್ಬರಿದ್ದರು. ಮಂಗೋಲ ದೊರೆಯ ಸಿನಿಮಾದಲ್ಲಿ ವೈರಿಗಳು ಅವನ ಹೆಂಡತಿಯನ್ನು ಹೊತ್ತೊಯ್ದಾಗ ಹೆಂಗಸರೆಲ್ಲ ಅತ್ತೆವು. ಅಷ್ಟರಲ್ಲಿ ರೀಲು ಸುಟ್ಟು ಆಟ ನಿಂತಿತು. ಅವರು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಮ್ಮತ್ತ ತಿರುಗಿದರು.

"ಅಳಬ್ಯಾಡ್ರಿ ಅವ್ವಾರ, ಆಕಿ ಬರ್ತಾಳ."

ಕೇಳಲು ನನಗೆ ನಾಚಿಕೆ. ನಮ್ಮವ್ವನೇ ಕೇಳಿದಳು, "ನೀವು ನೋಡೀರೇನ್ರಿ?"

"ಖರೇನ ಬರ್ತಾಳ್ರಿ!"

ಅಳುವವರಿಗೆಲ್ಲ ಅವರು ಹಾಗೇ ಹೇಳುತ್ತಿದ್ದರು. ನಾನು ನಂಬಿರಲಿಲ್ಲ. ಆ ಸಿನಿಮಾದ ಉಳಿದ ಭಾಗ ನಮಗೆ ನೋಡಲು ಸಿಗಲೇ ಇಲ್ಲ.

ಮೊನ್ನೆ ನೀವು ಮೊಬೈಲಿನಲ್ಲಿ ಅದೇ ಸಿನಿಮಾ ತೋರಿಸಿದಿರಿ. ಅಂಟಿಸಿದ ಮೀಸೆಗಳಿಗೆ ನೀವು ನಕ್ಕಿರಿ, ನಾನೂ ನಕ್ಕೆ. ಯುದ್ಧ ಮುಗಿಯುವಷ್ಟರಲ್ಲಿ ಬೇಸರವೂ ಬಂತು. ಆದರೆ ಅವಳು ಮರಳಿ ಬಂದಾಗ ಮೂವರೂ ಮೊಬೈಲಿನತ್ತ ಬಾಗಿದೆವು. ನನ್ನ ಎದೆ ಹಗುರಾಯಿತು. ಅವರು ಸುಳ್ಳು ಹೇಳಿರಲಿಲ್ಲ.

ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ. ಅವರು ಹಾಗೆ ಹೇಳಿದ್ದರೆಂಬುದಕ್ಕೆ ಬೇರೆ ಸಾಕ್ಷಿಯಿಲ್ಲ.